ಹದಿನಾಲ್ಕನೇ ನಂಬರಿನ ಹಿಂದಿನ ಗೋಡೆ

೪ ಆಗಸ್ಟ್ ೨೦೦೩, ಸೋಮವಾರ

ಸ್ಕೂಟಿ ಎಂಟನೇ ಒದೆಗೆ ಸ್ಟಾರ್ಟ್ ಆಯಿತು. ಆದರೂ ಹತ್ತಕ್ಕೆ ಐದು ನಿಮಿಷ ಮುಂಚೆ ಆಫೀಸು. ನಾನೇ ಮೊದಲು, ಎಂದಿನಂತೆ. ಡ್ರಾಯಿಂಗ್ ಅಚ್ಚು ಹಾಕುವ ಪ್ಲಾಟರಿನಲ್ಲಿ ಶನಿವಾರದ ಹಾಳೆ ಸಿಕ್ಕಿಕೊಂಡಿತ್ತು. ಬಿಡಿಸಿದೆ. ಮಧ್ಯಾಹ್ನದೊಳಗೆ ಎಂಟು ಡ್ರಾಯಿಂಗ್ ಚೆಕ್ ಮಾಡಿ ಮೂವತ್ತೊಂದು ಕೆಂಪು ಸುತ್ತು ಹಾಕಿದೆ. ಬರೆದವರ ಮುಖಗಳು ನೋಡುವ ಹಾಗಿದ್ದವು. ಬೈದುಕೊಳ್ಳಲಿ. ಹದಿನೆಂಟು ವರ್ಷದಲ್ಲಿ ನನ್ನ ಟೇಬಲ್ಲಿನಿಂದ ತಪ್ಪು ಡ್ರಾಯಿಂಗ್ ಹೊರಗೆ ಹೋಗಿಲ್ಲ. ಇನ್ನು ಮುಂದೆಯೂ ಹೋಗುವುದಿಲ್ಲ.

ಹೊಸ ಕೆಲಸ ಬಂದಿದೆ. ಇಂಗ್ಲೆಂಡಿನಲ್ಲಿ ಡರ್ಬಿಶೈರ್ ಅಂತ ಒಂದು ಕಡೆ. ಅಲ್ಲಿನ ಒಂದು ಹಳ್ಳಿಯ ಇಪ್ಪತ್ತೆರಡು ಕಲ್ಲಿನ ಕಾಟೇಜು. ವಿಕ್ಟೋರಿಯಾ ರಾಣಿಯ ಕಾಲದವು. ಯಾರೋ ಅಳೆದು ಕಾಗದದ ಮೇಲೆ ಗೀಚಿದ್ದನ್ನು ಸ್ಕ್ಯಾನ್ ಮಾಡಿ, ಫೋಟೋ ಸಮೇತ ಸಿ.ಡಿ. ಕಳಿಸಿದ್ದಾರೆ. ಅದನ್ನು ನಾವು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು, ಕಂಪ್ಯೂಟರಿನಲ್ಲಿ ಬರೆದುಕೊಡಬೇಕು. ಅಲ್ಲಿನ ಆರ್ಕಿಟೆಕ್ಟ್ ಹೆಲೆನ್ ಎಂಬಾಕೆ. ಹಳೇ ಕಟ್ಟಡ ಕಾಪಾಡುವುದೇ ಆಕೆಯ ಉದ್ಯೋಗವಂತೆ.

ಚಕ್ರಪಾಣಿ ಸಾರ್ ಕ್ಯಾಬಿನ್ನಿನಿಂದ ತಲೆ ಮಾತ್ರ ಹೊರಗೆ ಹಾಕಿದರು. “ಸುಧಾಮಣಿ, ಇದು ಚೆನ್ನಾಗಿ ಹೋದ್ರೆ ಇನ್ನೂ ನೂರಾರು ಮನೆ ಬರುತ್ತೆ. ಚೆಕಿಂಗ್ ಪೂರ್ತಿ ನಿಮ್ದೇ.”

ಯಾವಾಗ ನನ್ನದಲ್ಲ?

ಪಕ್ಕದ ಸೀಟಿಗೆ ಹೋದ ವಾರ ಹೊಸಬ ಬಂದಿದ್ದಾನೆ. ಮೌನೇಶ. ಬಾದಾಮಿ ಕಡೆಯವನು, ಡಿಪ್ಲೊಮಾ ಮಾಡಿದ್ದಾನೆ, ಬಿ.ಟಿ.ಎಂ.ನಲ್ಲಿ ಇನ್ನಿಬ್ಬರ ಜೊತೆ ರೂಮು. ಫೆಬ್ರವರಿ ಕೊನೆಯವರೆಗೆ ಪ್ರೊಬೇಷನ್. ಮಾತು ಕಮ್ಮಿ. ಹೆಸರಿಗೆ ತಕ್ಕ ಹಾಗೆ.

೬ ಆಗಸ್ಟ್, ಬುಧವಾರ

ಹದಿನಾಲ್ಕನೇ ನಂಬರಿನ ಮನೆಯಿಂದ ಶುರು. ಒಂದು ಸಾಲಿನ ಕೊನೆಯ ಮನೆ. ಮೌನೇಶ ಬರೆಯುವುದು, ನಾನು ಚೆಕ್ ಮಾಡುವುದು.

ಬಾಗಿಲಿನ ಮೇಲಿನ ಕಲ್ಲಿನಲ್ಲಿ ೧೮೬೮ ಅಂತ ಕೆತ್ತಿದೆ. ಕಲ್ಲುಗಣಿಯ ಕೆಲಸಗಾರರಿಗೆ ಅಂತ ಗಣಿ ಯಜಮಾನ ಕಟ್ಟಿಸಿದ್ದಂತೆ. ಕೆಳಗೆ ಎರಡು ಕೋಣೆ, ಮೇಲೆ ಎರಡು. ನಮ್ಮ ವಿಲ್ಸನ್ ಗಾರ್ಡನ್ನಿನ ಮನೆಗಿಂತ ಒಂದು ಕೈ ದೊಡ್ಡದು, ಅಷ್ಟೆ. ಆದರೆ ಗೋಡೆ! ಐನೂರ ನಲವತ್ತು ಮಿಲಿಮೀಟರ್ ದಪ್ಪ. ಇಪ್ಪತ್ತೊಂದು ಇಂಚು! ಇಲ್ಲಿ ಜೆ.ಪಿ. ನಗರದಲ್ಲಿ ನಾಲ್ಕೂವರೆ ಇಂಚಿನ ಗೋಡೆ ಎಬ್ಬಿಸಿ ಮೂರು ಫ್ಲೋರ್ ಏರಿಸಿ ಗೃಹಪ್ರವೇಶದ ಊಟ ಹಾಕುತ್ತಾರೆ.

ಅದೂ ಒಂದು ಗೋಡೆಯಲ್ಲ, ಎರಡು. ಹೊರಗೊಂದು ಕಲ್ಲಿನ ಪದರ, ಒಳಗೊಂದು. ನಡುವೆ ಕಲ್ಲುಚೂರು, ಗಾರೆ. ಅಲ್ಲಲ್ಲಿ ಎರಡೂ ಪದರವನ್ನು ಹಿಡಿದಿಡುವ ಹಾಗೆ ಒಂದೊಂದು ಉದ್ದ ಕಲ್ಲನ್ನು ಅಡ್ಡ ಕೂರಿಸಿದ್ದಾರೆ. ಇದನ್ನು ನನಗೆ ತೋರಿಸಿದ್ದು ಮೌನೇಶ. ಫೋಟೋ ದೊಡ್ಡದು ಮಾಡಿ ಬೆರಳಿಟ್ಟ. “ನಮ್ಮಪ್ಪಾನೂ ಹಿಂಗ ಇಡ್ತಾನ್ರೀ ಮೇಡಂ.” ಅವನ ಅಪ್ಪ ಭೀಮಪ್ಪ ಊರಿನಲ್ಲಿ ಕಲ್ಲಿನ ಮನೆ ಕಟ್ಟುವವರಂತೆ. ಪರವಾಗಿಲ್ಲ, ಮಾತು ಬರುತ್ತದೆ.

ಛಾವಣಿಗೆ ಹೆಂಚಿಲ್ಲ. ಅದೂ ಕಲ್ಲಿನದೇ, ತೆಳ್ಳಗೆ ಸೀಳಿದ ಚಪ್ಪಡಿ. ಕೆಳಗಿನ ಸಾಲಿನಲ್ಲಿ ಊಟದ ಮಣೆಯಷ್ಟು ದೊಡ್ಡವು. ಮೇಲೇರಿದ ಹಾಗೆಲ್ಲ ಚಿಕ್ಕದಾಗುತ್ತಾ ಹೋಗಿ ನೆತ್ತಿಯಲ್ಲಿ ಅಂಗೈಯಗಲ. ಭಾರ ಕೆಳಗೆ ಗೋಡೆಯ ಮೇಲೆ ಕೂರಲಿ ಅಂತ. ಎಂಥಾ ಬುದ್ಧಿ! ಮೂಲೆಯ ಕಲ್ಲುಗಳನ್ನು ಮಾತ್ರ ನುಣ್ಣಗೆ ಕೆತ್ತಿ, ಒಂದು ಉದ್ದ ಒಂದು ಗಿಡ್ಡ ಅಂತ ಜೋಡಿಸಿದ್ದಾರೆ. ಮುಂದಿನ ಗೋಡೆಗೆ ಸಾಲು ಹಿಡಿದ ಕಲ್ಲು. ಹಿಂದಿನದಕ್ಕೆ ಕೈಗೆ ಸಿಕ್ಕ ಕಲ್ಲು. ಎಲ್ಲ ಊರಿನಲ್ಲೂ ಅಷ್ಟೇ, ಬೀದಿಗೆ ಕಾಣುವ ಕಡೆಗೆ ಶೋಕಿ.

ಮನೆಯಾಕೆ ಮಿಸೆಸ್ ಕಾಬ್. ಸ್ಕೂಲ್ ಬಸ್ ಡ್ರೈವರ್ ಅಂತ ಹೆಲೆನ್ ಬರೆದಿದ್ದಾರೆ. ಹಿಂಬಾಗಿಲ ಹತ್ತಿರ ಮೂರು ಜೊತೆ ರಬ್ಬರ್ ಬೂಟು — ಒಂದು ದೊಡ್ಡದು, ಎರಡು ಚಿಕ್ಕವು. ಎಲ್ಲ ಫೋಟೋದಲ್ಲೂ ಆಕೆ ಕೈ ಕಟ್ಟಿ ನಿಂತು ಫೋಟೋ ತೆಗೆಯುವವನನ್ನು ದುರುಗುಟ್ಟಿ ನೋಡುತ್ತಿದ್ದಾರೆ. ನನಗೆ ಬಹಳ ಇಷ್ಟವಾದರು.

೮ ಆಗಸ್ಟ್, ಶುಕ್ರವಾರ

ವರಮಹಾಲಕ್ಷ್ಮಿ. ಕಳಶ ಕೂರಿಸಿ, ಅಮ್ಮನ ಕೈಗೆ ಮಿಕ್ಕಿದ್ದು ಒಪ್ಪಿಸಿ, ಹನ್ನೊಂದಕ್ಕೆ ಆಫೀಸು. ಬಂದು ನೋಡಿದರೆ ಹದಿನಾಲ್ಕನೇ ನಂಬರಿನ ಪ್ಲಾನು ಕುಡಿದವನು ಬರೆದ ಹಾಗಿದೆ!

ಹಿಂದಿನ ಗೋಡೆ ಹೊಟ್ಟೆ ಬಿಟ್ಟಿದೆ. ಕೋಣೆಗಳ ಮೂಲೆಗಳು ತೊಂಬತ್ತು ಡಿಗ್ರಿ ಇಲ್ಲ. ಕರ್ಣ ಎರಡೂ ಬೇರೆ ಬೇರೆ.

“ಏನಪ್ಪ ಇದು?”

“ಅವ್ರು ಅಳತಿ ಕೊಟ್ಟಾಂಗ ಹಾಕೀನ್ರೀ.”

ಅವರು ಕೊಟ್ಟದ್ದು ಹೀಗೆ: ಈ ಮೂಲೆಯಿಂದ ಆ ಮೂಲೆಗೆ ದಾರ ಎಳೆದು, ಮುನ್ನೂರು ಮಿಲಿಮೀಟರಿಗೊಂದರಂತೆ ಇಪ್ಪತ್ತೊಂದು ಕಡೆ, ದಾರದಿಂದ ಗೋಡೆಗೆ ಎಷ್ಟು ಅಂತ ಅಳೆದಿದ್ದಾರೆ. ಹನ್ನೆರಡನೇ ಬಿಂದುವಿನಲ್ಲಿ ಗೋಡೆ ಎಪ್ಪತ್ತೊಂದು ಮಿಲಿಮೀಟರ್ ಹೊರಗಿದೆ. ಮೂರು ಇಂಚಿಗೆ ಸ್ವಲ್ಪ ಕಮ್ಮಿ! ನಂಬುವ ಮಾತೇ? ದಾರ ಗಾಳಿಗೆ ಬಳುಕಿರಬೇಕು. ಇಲ್ಲವೇ ಮಿಸೆಸ್ ಕಾಬ್ ದುರುಗುಟ್ಟಿದ್ದಕ್ಕೆ ಅಳೆಯುವವನ ಕೈ ನಡುಗಿರಬೇಕು.

ಸೈಟಿನಿಂದ ಬರುವ ಅಳತೆ ಯಾವತ್ತು ಸರಿಯಿತ್ತು? ವಿಲ್ಸನ್ ಗಾರ್ಡನ್ನಿನಲ್ಲಿ ಬೈರಣ್ಣನವರ ಆಫೀಸಿನಲ್ಲಿ ಕೆಲಸ ಕಲಿತವಳು ನಾನು. ಟ್ರೇಸಿಂಗ್ ಪೇಪರು, ಇಂಕ್ ಪೆನ್ನು, ತಪ್ಪಿದರೆ ಬ್ಲೇಡಿನಲ್ಲಿ ಕೆರೆಯುವುದು. ಮೇಸ್ತ್ರಿಗಳು ಸಿಗರೇಟ್ ಪ್ಯಾಕಿನ ಹಿಂದೆ ಅಳತೆ ಬರೆದು ತರುತ್ತಿದ್ದರು. ಕೂಡಿಸಿದರೆ ಒಂದಕ್ಕೊಂದು ಸೇರುತ್ತಿರಲಿಲ್ಲ. ಬೈರಣ್ಣ ಹೇಳುತ್ತಿದ್ದರು, “ಪ್ಲಾನು ಕೂತ್ಕೋಬೇಕಮ್ಮಾ. ಕೂರದಿದ್ರೆ ನೀನು ಕೂರಿಸು.” ಕೂರಿಸುವುದೇ ಡ್ರಾಫ್ಟ್ಸ್‌ಮನ್ ಕೆಲಸ. ನಾನು ಕೂರಿಸಿದಷ್ಟು ಚೆನ್ನಾಗಿ ಈ ಬೆಂಗಳೂರಿನಲ್ಲಿ ಯಾರೂ ಕೂರಿಸಲಾರರು.

ಮೌನೇಶನನ್ನು ಕುರ್ಚಿಯಿಂದ ಎಬ್ಬಿಸಿದೆ. ಎಫ್ ಎಂಟು ಒತ್ತಿದೆ. ಅದನ್ನು ಒತ್ತಿದರೆ ಗೆರೆ ನೆಟ್ಟಗೆ ಮಾತ್ರ ಓಡುತ್ತದೆ, ಸೊಟ್ಟ ಹೋಗಲು ಬಿಡುವುದಿಲ್ಲ. ಮೂಲೆಯಿಂದ ಮೂಲೆಗೆ ಒಂದೇ ಗೆರೆ. ಕೋಣೆಗಳು ತೊಂಬತ್ತು ಡಿಗ್ರಿಗೆ ಬಂದು ಕೂತವು. ಐದು ನಿಮಿಷದ ಕೆಲಸ.

ಹಿಂದೆ ನಿಂತವನು ಗೊಣಗಿದ. “ಕಲ್ಲಿನ ಗ್ವಾಡಿ ಹಂಗ ಇರ್ತೈತ್ರೀ ಮೇಡಂ. ಕಟ್ಟಿದ ಹೊಸದಾಗ ಹೊಟ್ಟಿ ಬಿಡ್ತೈತಿ, ಆಮ್ಯಾಲೆ ನೂರು ವರ್ಷ ಹಂಗ ಕುಂತಿರ್ತೈತಿ. ಸರ್ವೇದವ್ರ ತಪ್ಪಲ್ರೀ ಅದು.”

“ಮೌನೇಶ, ನೀನು ಬಂದು ಎಷ್ಟು ದಿನ ಆಯ್ತು?”

“ಎಂಟು ದಿನ್ರೀ.”

“ನಾನು ಹದಿನೆಂಟು ವರ್ಷ.”

ಮಿಕ್ಕ ಇಪ್ಪತ್ತೊಂದು ಮನೆಗಳಿಗೂ ಇದೇ ರೀತಿ ಅಂತ ಎಲ್ಲರಿಗೂ ಹೇಳಿಬಿಟ್ಟೆ. ಸಂಜೆ ಬೇಗ ಹೊರಟು ನಾಲ್ಕು ಮನೆ ಕುಂಕುಮಕ್ಕೆ ಹೋಗಿ ಬಂದೆ. ತಂಬಿಟ್ಟು ಎಲ್ಲಕ್ಕಿಂತ ನಮ್ಮ ಮನೆಯದೇ ಚೆನ್ನಾಗಿತ್ತು.

೨೯ ಆಗಸ್ಟ್, ಶುಕ್ರವಾರ

ಹೆಲೆನ್ ಮೇಲ್ ಬಂತು. ಇಷ್ಟು ಅಚ್ಚುಕಟ್ಟಾದ ಡ್ರಾಯಿಂಗ್ ತಾನು ನೋಡಿಯೇ ಇಲ್ಲವಂತೆ. ಚಕ್ರಪಾಣಿ ಸಾರ್ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದರು, ಎಲ್ಲರಿಗೂ ಮೈಸೂರುಪಾಕು. ಅಮ್ಮನಿಗೆ ಹೇಳಿದೆ. “ಅವ್ರ ಮನೆ ಅವ್ರಿಗೇ ನೀನು ಬರೆದು ತೋರಿಸ್ಬೇಕಾ?” ಅಂದಳು. ನನ್ನಮ್ಮ ನಾಗಲಕ್ಷ್ಮಮ್ಮನ ಬಾಯಿಂದ ಮೆಚ್ಚುಗೆ ಕೇಳಲು ಇನ್ನೊಂದು ಜನ್ಮ ಬೇಕು.

೪ ಅಕ್ಟೋಬರ್, ಶನಿವಾರ

ಆಯುಧಪೂಜೆ. ಪ್ಲಾಟರಿಗೂ ಹನ್ನೊಂದು ಕಂಪ್ಯೂಟರಿಗೂ ಅರಿಶಿನ ಕುಂಕುಮ. ಬೂದುಗುಂಬಳ ನಾನೇ ಒಡೆದೆ. ಸಾರ್ ಎಲ್ಲರೆದುರು ಹೇಳಿದರು — ಇವತ್ತಿನಿಂದ ಸುಧಾಮಣಿ ಚೀಫ್ ಚೆಕ್ಕರ್. ನನ್ನ ಸಹಿ ಇಲ್ಲದೆ ಒಂದು ಹಾಳೆಯೂ ಆಚೆ ಹೋಗಬಾರದು. ಇಷ್ಟು ತಡವಾಗಿ ಹೇಳಿದರು ಅನ್ನುವುದೊಂದೇ ನನ್ನ ದೂರು.

೧೧ ಫೆಬ್ರವರಿ ೨೦೦೪, ಬುಧವಾರ

ನಾಲ್ಕು ತಿಂಗಳಾಯಿತು ಈ ಡೈರಿ ಮುಟ್ಟಿ. ಕೆಲಸ, ಕೆಲಸ. ಇವತ್ತು ಬರೆಯಬೇಕು ಅನ್ನಿಸಿತು.

ಡರ್ಬಿಶೈರಿನಿಂದ ಮತ್ತೆ ಮೇಲ್. ಹದಿನಾಲ್ಕನೇ ನಂಬರಿನ ಹಿಂದಿನ ಕೋಣೆಯ ಪ್ಲಾಸ್ಟರಿನಲ್ಲಿ ಬಿರುಕು ಬಂದಿದೆ. ಅನುಮಾನ ಬಂದು ಬೇರೆ ಸರ್ವೇಯವರನ್ನು ಕರೆಸಿ, ದಾರಗೀರ ಇಲ್ಲದೆ ಮಿಷನ್ನಿನಲ್ಲಿ ಹಿಂದಿನ ಗೋಡೆ ಅಳೆಸಿದ್ದಾರೆ. ನಮ್ಮ ಆಗಸ್ಟಿನ ಪ್ಲಾನಿನ ಗೋಡೆ ನೀಲಿ ಗೆರೆಯಲ್ಲಿ, ಈಗಿನದು ಕೆಂಪಿನಲ್ಲಿ, ಒಂದರ ಮೇಲೊಂದು ಹಾಕಿ ಕೊಡಿ ಅಂದರು. ನಾನೇ ಹಾಕಿದೆ. ನೀಲಿ ನೆಟ್ಟಗಿದೆ. ಕೆಂಪು ನಡುವೆ ಹೊರಗೆ ಉಬ್ಬಿದೆ. ಎಪ್ಪತ್ತಮೂರು ಮಿಲಿಮೀಟರ್.

ಕಳಿಸಿದ ಎರಡು ಗಂಟೆಯಲ್ಲಿ ಅಲ್ಲಿನ ಇಂಜಿನಿಯರ್ ಆಲ್ಡ್ರೆಡ್ ಎಂಬವರ ಉತ್ತರ. ಆರು ತಿಂಗಳಲ್ಲಿ ಗೋಡೆ ಎಪ್ಪತ್ತಕ್ಕೂ ಹೆಚ್ಚು ಮಿಲಿಮೀಟರ್ ಜರುಗಿದೆ, ಇನ್ನೂ ಜರುಗುತ್ತದೆ, ಅಪಾಯ. ಇಪ್ಪತ್ತನೇ ತಾರೀಖಿನೊಳಗೆ ಮಿಸೆಸ್ ಕಾಬ್ ಮಕ್ಕಳನ್ನು ಕರೆದುಕೊಂಡು ಮನೆ ಖಾಲಿ ಮಾಡಬೇಕು. ಇಪ್ಪತ್ತಮೂರು ಸೋಮವಾರದಿಂದ ಹಿಂದಿನ ಗೋಡೆ ಪೂರ್ತಿ ಬಿಚ್ಚುತ್ತಾರೆ.

ಪಾಪ, ಆ ಬೂಟುಗಳು. ನೂರಮೂವತ್ತಾರು ವರ್ಷ ನಿಂತ ಗೋಡೆ ಆರು ತಿಂಗಳಲ್ಲಿ ಹೀಗೆ ಮಾಡಿತಲ್ಲ ಅಂತ ಬೇಜಾರಾಯಿತು.

೧೨ ಫೆಬ್ರವರಿ, ಗುರುವಾರ. ಮಧ್ಯಾಹ್ನ

ಆಫೀಸಿನಲ್ಲಿ ಕೂತು ಡೈರಿ ಯಾವತ್ತೂ ಬರೆದಿಲ್ಲ. ಆದರೂ ಬರೆಯುತ್ತೇನೆ.

ಊಟದ ಹೊತ್ತಿಗೆ ಮೌನೇಶ ನನ್ನ ಟೇಬಲ್ಲಿಗೆ ಬಂದ. ಕೈಯಲ್ಲಿ ಎರಡು ಪ್ರಿಂಟು. ಒಂದು, ಮೊದಲ ಸರ್ವೇಯವರು ಗೀಚಿದ್ದ ಹಾಳೆ. ಇನ್ನೊಂದು, ಅವನು ಎಂಟು ದಿನದ ಹೊಸಬನಾಗಿದ್ದಾಗ ಬರೆದ ಪ್ಲಾನು. ಅಳಿಸಿರುತ್ತಾನೆ ಅಂದುಕೊಂಡಿದ್ದೆ.

“ಮೇಡಂ, ನಿಮ್ಮ ಕೆಂಪು ಗೆರಿ… ನಾನು ಆವತ್ತ ಹಾಕಿದ್ನಲ್ರೀ, ಅದ ಐತ್ರೀ.”

ಒಂದರ ಮೇಲೊಂದು ಹಾಕಿದೆ. ಇಪ್ಪತ್ತೊಂದು ಬಿಂದು. ಕೆಲವು ಕಡೆ ಎರಡು ಮಿಲಿಮೀಟರ್, ಕೆಲವು ಕಡೆ ಮೂರು. ಅಷ್ಟೇ ವ್ಯತ್ಯಾಸ. ಮೂರು ಸಲ ನೋಡಿದೆ. ನಾಲ್ಕನೇ ಸಲ ಕಣ್ಣಿಗೆ ಕಾಣಲಿಲ್ಲ.

ಗೋಡೆ ಜರುಗಿಲ್ಲ. ಆಗಸ್ಟಿನಲ್ಲೂ ಹೀಗೆಯೇ ಇತ್ತು. ಬಹುಶಃ ೧೮೭೦ರಲ್ಲೂ ಹೀಗೆಯೇ ಇತ್ತು. ಅದನ್ನು ನೆಟ್ಟಗೆ ಮಾಡಿದವಳು ನಾನು. ನಾನು ಕೂರಿಸಿದ ಗೆರೆ ನೋಡಿ, ಸುಮ್ಮನೆ ನಿಂತಿರುವ ಗೋಡೆಯನ್ನು ಅವರು ಬಿಚ್ಚುತ್ತಾರೆ.

ನಾಚಿಕೆಯಾಯಿತು. ಮೌನೇಶನ ಮುಖ ನೋಡಲು ಆಗಲಿಲ್ಲ. ಅವನೇ ತಲೆ ತಗ್ಗಿಸಿಕೊಂಡು ನಿಂತಿದ್ದ, ತಪ್ಪು ಮಾಡಿದವನ ಹಾಗೆ.

“ಇದನ್ನ ಯಾಕಪ್ಪ ಇಟ್ಕೊಂಡಿದ್ದೆ?”

“ಅಳಸಾಕ ಮನಸಾಗ್ಲಿಲ್ರೀ. ಛಲೋ ಬಂದಿತ್ತು.”

೧೩ ಫೆಬ್ರವರಿ, ಶುಕ್ರವಾರ

ಬೆಳಿಗ್ಗೆಯೇ ಚಕ್ರಪಾಣಿ ಸಾರ್ ಮುಂದೆ ಎರಡೂ ಪ್ರಿಂಟು ಇಟ್ಟೆ. ಎಲ್ಲ ಹೇಳಿದೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಮಡಿಚಿ ಬದಿಗಿಟ್ಟರು.

“ಈಗೇನು ಸುಧಾಮಣಿ? ಹಳೇ ಗೋಡೆ ಬಿಚ್ಚಿ ಹೊಸದಾಗಿ ಕಟ್ತಾರೆ. ಒಳ್ಳೇದೇ ಆಯ್ತಲ್ಲ ಆಯಮ್ಮಂಗೆ?”

“ಹಳೇದು ಅಂತಾನೇ ತಾನೆ ಸಾರ್ ಅವ್ರು ಅದನ್ನ ಕಾಪಾಡ್ತಾ ಇರೋದು? ಬಿಚ್ಚೋಕೆ ಕಾರಣಾನೇ ಇಲ್ಲ.”

“ಸರಿ, ಹೇಳ್ಲೇಬೇಕು ಅಂದ್ರೆ ಒಂದ್ ದಾರಿ ಇದೆ. ಡ್ರಾನ್ ಬೈ ಅಂತ ಯಾರ ಹೆಸ್ರಿದೆ? ಮೌನೇಶ. ಟ್ರೈನೀ ತಪ್ಪು ಮಾಡ್ದ, ತೆಗೆದ್‌ಹಾಕಿದೀವಿ ಅಂತ ಬರೆಯೋಣ. ಹೇಗಿದ್ರೂ ಈ ತಿಂಗಳು ಪ್ರೊಬೇಷನ್ ಮುಗಿಯುತ್ತೆ ಅವಂದು. ನಿಮ್ಮ ಹೆಸ್ರು ಉಳಿಯುತ್ತೆ, ಗೋಡೇನೂ ಉಳಿಯುತ್ತೆ.”

ಏನೂ ಹೇಳದೆ ಎದ್ದು ಬಂದೆ. ಅದನ್ನೇ ಬರೆದಿಡಬೇಕು: ಥೂ ಅನ್ನಲಿಲ್ಲ, ಆಗಲ್ಲ ಅನ್ನಲಿಲ್ಲ. ಒಂದು ಗಳಿಗೆ — ಸುಳ್ಳು, ಅರ್ಧ ದಿನ — ಆ ಮಾತು ನನಗೆ ರುಚಿಸಿತು. ಪಕ್ಕದಲ್ಲಿ ಮೌನೇಶ ಏನೂ ಗೊತ್ತಿಲ್ಲದೆ ಇನ್ನೊಂದು ಮನೆಯ ಮೆಟ್ಟಿಲು ಬರೆಯುತ್ತಿದ್ದ.

೧೫ ಫೆಬ್ರವರಿ, ಭಾನುವಾರ

ಬೆಳಿಗ್ಗೆ ತಿಂಡಿ ಆದ ಮೇಲೆ ಟೇಪು, ದಾರ ತೆಗೆದೆ. ನಮ್ಮ ಅಡಿಗೆಮನೆ ಅಳೆದೆ. ಅಪ್ಪ ಕಟ್ಟಿಸಿದ್ದು. ಕೆಲಸ ಕಲಿತ ಮೇಲೆ ಇದರ ಪ್ಲಾನು ಕಾರ್ಪೊರೇಷನ್ನಿಗೆ ನಾನೇ ಬರೆದುಕೊಟ್ಟಿದ್ದೇನೆ, ನಾಲ್ಕೂ ಮೂಲೆ ತೊಂಬತ್ತು ಡಿಗ್ರಿ.

ಎರಡು ಕರ್ಣಕ್ಕೆ ನಲವತ್ತು ಮಿಲಿಮೀಟರ್ ವ್ಯತ್ಯಾಸ! ಒಲೆಯ ಹಿಂದಿನ ಗೋಡೆ ಅಂತೂ ದಾರದಿಂದ ಒಂದು ಇಂಚು ಒಳಗೆ ಬಂದಿದೆ.

ಅಮ್ಮ ಈಳಿಗೆಮಣೆ ಬಿಟ್ಟು ಎದ್ದಳು. “ಏನೇ ಅದು, ಹಬ್ಬ ಇಲ್ಲ ಹರಿದಿನ ಇಲ್ಲ, ಗೋಡೆಗೆ ದಾರ ಕಟ್ತಿದೀಯ?”

“ಅಡಿಗೆಮನೆ ಸೊಟ್ಟ ಇದೆ ಕಣಮ್ಮ.”

“ನಲವತ್ತು ವರ್ಷದಿಂದ ಇದೆ. ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ಆ ಮೂಲೇಲಿ ಪಾತ್ರೆ ಸ್ಟ್ಯಾಂಡು ಯಾವತ್ತು ಕೂತಿದೆ? ಅದಕ್ಕೇ ಸಂದಿಗೆ ತೆಂಗಿನಚಿಪ್ಪು ತುರುಕಿರೋದು.”

ನಲವತ್ತು ವರ್ಷದಿಂದ ಅವಳಿಗೆ ಗೊತ್ತಿದೆ. ಮೇಸ್ತ್ರಿಗೆ ಗೊತ್ತಿತ್ತು. ಅಳೆದವನಿಗೆ ಗೊತ್ತಿತ್ತು, ಮೌನೇಶನಿಗೆ ಗೊತ್ತಿತ್ತು. ಟೇಬಲ್ಲಿನ ಮುಂದೆ ಕೂತ ನನಗೊಬ್ಬಳಿಗೆ ಗೊತ್ತಿರಲಿಲ್ಲ. ನಗು ಬಂತು. ಆಮೇಲೆ ಅಳುವೂ ಬಂತು. ಅಮ್ಮ ಎರಡಕ್ಕೂ ಕಾರಣ ಕೇಳಿದಳು. ಎಲ್ಲ ಹೇಳಿದೆ, ಚಕ್ರಪಾಣಿ ಹೇಳಿದ ದಾರಿಯನ್ನೂ.

ಅಮ್ಮ ಹುರುಳೀಕಾಯಿ ಹೆಚ್ಚುತ್ತಾ ಕೇಳಿಸಿಕೊಂಡಳು. “ಆ ಹುಡುಗನ್ನ ಒಂದಿನ ಊಟಕ್ಕೆ ಕರಿ,” ಅಂದಳು. ಅಷ್ಟೇ.

೧೬ ಫೆಬ್ರವರಿ, ಸೋಮವಾರ. ೩.೧೦

ಕಳಿಸಿದೆ. ಹೆಲೆನ್‌ಗೂ ಆಲ್ಡ್ರೆಡ್‌ಗೂ. ಚಕ್ರಪಾಣಿಗೆ ಕಾಪಿ. ಎಂಟೇ ಸಾಲು. ಮೊದಲ ಸರ್ವೇಯ ಹಾಳೆ ಸರಿಯಾಗಿತ್ತು. ಮೌನೇಶ ಸರಿಯಾಗಿ ಬರೆದಿದ್ದ. ಚೆಕ್ ಮಾಡುವಾಗ ನಾನು ಅದನ್ನು ತಿದ್ದಿದೆ, ಅವನು ಬೇಡ ಅಂದರೂ ಕೇಳಲಿಲ್ಲ. ಗೋಡೆ ಆಗಸ್ಟಿನಿಂದ ಮೂರು ಮಿಲಿಮೀಟರಿಗಿಂತ ಹೆಚ್ಚು ಜರುಗಿಲ್ಲ. ದಯವಿಟ್ಟು ಬಿಚ್ಚಬೇಡಿ. ಕೆಳಗೆ ನನ್ನ ಪೂರ್ತಿ ಹೆಸರು.

ಇಂಗ್ಲಿಷ್ ಮೂರು ಸಲ ಓದಿದೆ. ತಪ್ಪಿಲ್ಲ. ಇದರಲ್ಲಂತೂ ಇಲ್ಲ.

ಚಕ್ರಪಾಣಿ ಸಾರ್ ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡರು.

೧೭ ಫೆಬ್ರವರಿ, ಮಂಗಳವಾರ

ಹೆಲೆನ್ ರಜೆಯ ಮೇಲಿದ್ದಾರಂತೆ. ಇಪ್ಪತ್ತಮೂರಕ್ಕೆ ಬರುತ್ತಾರಂತೆ! ಕಂಪ್ಯೂಟರ್ ತಾನಾಗಿ ಕಳಿಸಿದ ಉತ್ತರ. ಆಲ್ಡ್ರೆಡ್‌ರಿಂದ ಏನೂ ಇಲ್ಲ. ಗಂಟೆಗೊಂದು ಸಲ ನೋಡಿದೆ. ಇಲ್ಲ.

ಇಪ್ಪತ್ತಮೂರಕ್ಕೆ ಗೋಡೆ ಬಿಚ್ಚಲು ಶುರು. ಆಕೆ ಬಂದು ನನ್ನ ಮೇಲ್ ಓದುವಾಗ ಕಲ್ಲುಗಳು ಅಂಗಳದಲ್ಲಿ ರಾಶಿ ಬಿದ್ದಿರುತ್ತವೆ.

೧೮ ಫೆಬ್ರವರಿ, ಬುಧವಾರ

ಆಫೀಸಿನ ಫೋನಿಗೆ ಲಾಕ್ ಇದೆ, ಹೊರದೇಶಕ್ಕೆ ಹೋಗುವುದಿಲ್ಲ. ತೆಗೆಸಿ ಅಂತ ಚಕ್ರಪಾಣಿಯನ್ನು ಕೇಳಲು ಮನಸ್ಸಾಗಲಿಲ್ಲ. ನಾಲ್ಕು ಗಂಟೆಗೆ ಟೀ ಅಂತ ಹೇಳಿ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರದ ಐ.ಎಸ್.ಡಿ. ಬೂತಿಗೆ ಹೋದೆ. ಅಲ್ಲಿ ಬೆಳಿಗ್ಗೆ ಹತ್ತೂವರೆ. ಮೌನೇಶ ಪ್ರಿಂಟು ಹಿಡಿದುಕೊಂಡು ಹಿಂದೆಯೇ ಬಂದ, ಕರೆಯದಿದ್ದರೂ.

ಒಂದು ಹೆಂಗಸು ಎತ್ತಿದಳು. ಆಲ್ಡ್ರೆಡ್ ಬೇಕು ಅಂದೆ. ಮೀಟಿಂಗಿನಲ್ಲಿದ್ದಾರೆ ಅಂದಳು. ಗೋಡೆಯ ವಿಷಯ, ಈಗಲೇ ಬೇಕು ಅಂದೆ. ದನಿ ಸ್ವಲ್ಪ ಜೋರಾಗಿಯೇ ಬಂತು, ಬೂತಿನವನು ತಿರುಗಿ ನೋಡಿದ.

ಆಲ್ಡ್ರೆಡ್ ಬಂದರು. ನನ್ನ ಮೇಲ್ ಇನ್ನೂ ನೋಡಿರಲಿಲ್ಲ. ಅವರ ಇಂಗ್ಲಿಷ್ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಆಡಿದ ಹಾಗೆ. ನಾನು ಮಾತ್ರ ಒಂದೊಂದೇ ಮಾತು ಬಿಡಿಸಿ ಹೇಳಿದೆ: ಗೋಡೆ ಸರಿಯಿದೆ ಸಾರ್. ಡ್ರಾಯಿಂಗ್ ತಪ್ಪು. ಡ್ರಾಯಿಂಗ್ ನನ್ನದು.

ಅವರು ಕೇಳಿದರು, ಇದ್ದ ಉಬ್ಬನ್ನು ನೀವು ಯಾಕೆ ತೆಗೆದಿರಿ?

ಚೆನ್ನಾಗಿ ಕಾಣಲಿ ಅಂತ, ಅಂದೆ. ಬೇರೆ ಏನು ಹೇಳಲಿ? ಅದೇ ನಿಜ.

ಎಷ್ಟು ಖಚಿತ ಅಂದರು. ಮೌನೇಶ ಪ್ರಿಂಟು ಬೂತಿನ ಗಾಜಿಗೆ ಒತ್ತಿ ಹಿಡಿದ. ನಾನು ಇಪ್ಪತ್ತೊಂದು ಬಿಂದುವನ್ನೂ ಓದಿದೆ — ಆಗಸ್ಟಿನ ಅಳತೆ, ಫೆಬ್ರವರಿಯ ಅಳತೆ. ಅವರು ಪ್ರತಿಯೊಂದಕ್ಕೂ ಹೂಂ, ಹೂಂ ಅಂದರು. ಹನ್ನೆರಡನೆಯದಕ್ಕೆ ಬಂದಾಗ ಹೂಂ ಅನ್ನಲಿಲ್ಲ, ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಮುಗಿದ ಮೇಲೆ, ನಾಳೆ ನಾನೇ ಹೋಗಿ ನೋಡುತ್ತೇನೆ ಅಂದರು. ಥ್ಯಾಂಕ್ಸ್ ಅನ್ನಲಿಲ್ಲ. ಬೈಯಲೂ ಇಲ್ಲ.

ಹೊರಗೆ ಬಂದೆವು. ಮೌನೇಶ ಕಬ್ಬಿನಹಾಲು ಕೊಡಿಸಿದ. ಕುಡಿಯುವಾಗ ಚಕ್ರಪಾಣಿ ಹೇಳಿದ ದಾರಿಯನ್ನು ಅವನಿಗೆ ಹೇಳಿಬಿಟ್ಟೆ, ನನಗೆ ಅರ್ಧ ದಿನ ಅದು ಹಿಡಿಸಿತ್ತು ಅನ್ನುವುದನ್ನೂ. ಲೋಟ ಪೂರ್ತಿ ಖಾಲಿ ಮಾಡಿ, “ಅರ್ಧ ದಿನ ಅಷ್ಟ ಅಲ್ರೀ, ಬಿಡ್ರಿ,” ಅಂದ.

೨೦ ಫೆಬ್ರವರಿ, ಶುಕ್ರವಾರ

ಗೋಡೆ ಬಿಚ್ಚುವುದಿಲ್ಲ!!

ಆಲ್ಡ್ರೆಡ್ ಹೋಗಿ ನೋಡಿದ್ದಾರೆ. ಅಡ್ಡ ಕೂರಿಸಿದ ಉದ್ದ ಕಲ್ಲುಗಳು ಒಂದೂ ಸಡಿಲವಾಗಿಲ್ಲ. ಹೊರಗಡೆ ಗಾರೆಯಲ್ಲಿ ಹೊಸ ಬಿರುಕಿಲ್ಲ. ಉಬ್ಬಿನ ಮೇಲೆ ಹಳೇ ಪಾಚಿ, ಒಂದು ಕಡೆಯೂ ಹರಿದಿಲ್ಲ. ಒಳಗಿನ ಬಿರುಕು ಗೋಡೆಯದ್ದಲ್ಲ — ಪ್ಲಾಸ್ಟರಿನ ಹಿಂದೆ ಹೋದ ವರ್ಷ ಹಾಕಿದ ಬಿಸಿನೀರಿನ ಪೈಪಿನದು. ಒಂದು ವರ್ಷ ಸುಮ್ಮನೆ ಅಳೆಯುತ್ತಾ ನೋಡುತ್ತಾರಂತೆ. ಮಿಸೆಸ್ ಕಾಬ್ ಮನೆ ಬಿಟ್ಟಿರಲೇ ಇಲ್ಲವಂತೆ. ಸಾಮಾನು ಒಯ್ಯಲು ಬಂದ ಲಾರಿಯನ್ನು ಎರಡು ಸಲ ವಾಪಸ್ ಕಳಿಸಿದ್ದರಂತೆ. ನನಗೆ ಗೊತ್ತಿತ್ತು, ಆಕೆ ಅಂಥವರೇ.

ಇಪ್ಪತ್ತೆರಡು ಮನೆಯನ್ನೂ ಇದ್ದದ್ದು ಇದ್ದ ಹಾಗೆ ಮತ್ತೆ ಬರೆದುಕೊಡಬೇಕು. ಇದೂ ಆಲ್ಡ್ರೆಡ್ ಕಳಿಸಿದ ಮೇಲ್‌ನಲ್ಲೇ ಇತ್ತು. ಮುಂದಿನ ನೂರು ಮನೆಯ ಮಾತು ಅದರ ನಂತರ.

ಚಕ್ರಪಾಣಿ ಸಾರ್ ಕರೆದರು. ಕೂತ್ಕೊಳ್ಳಿ ಅನ್ನಲಿಲ್ಲ.

“ನೀವು ಸರಿ ಮಾಡಿದ್ರಿ. ಸರಿ ಮಾಡಿದ್ರಿ ಅಂತಾನೇ ಹೇಳ್ತೀನಿ. ಆದ್ರೆ ಚೆಕ್ಕರ್ ಅಂತ ಇನ್ನು ನಿಮ್ಮ ಸಹಿ ಕಳ್ಸೋಕಾಗಲ್ಲ ಸುಧಾಮಣಿ. ಅವ್ರು ಒಪ್ಪಲ್ಲ.”

“ಯಾರು ಚೆಕ್ ಮಾಡ್ತಾರೆ ಮತ್ತೆ?”

“ಕಲ್ಲಿನ ಮನೆಗಳಿಗೆ ಮೌನೇಶ. ಕನ್ಫರ್ಮ್ ಮಾಡಿದೀನಿ ಇವತ್ತು.”

ಸಿಟ್ಟು ಬಂತು. ಇಲ್ಲ ಅಂತ ಯಾಕೆ ಬರೆಯಲಿ? ಸಿಕ್ಕಾಪಟ್ಟೆ ಸಿಟ್ಟು ಬಂತು. ಹದಿನೆಂಟು ವರ್ಷ! ಟಾಯ್ಲೆಟ್ಟಿಗೆ ಹೋಗಿ ಮುಖ ತೊಳೆದು ಬಂದೆ. ನಂತರ ನನ್ನ ಕೆಂಪು ಪೆನ್ನು ತೆಗೆದುಕೊಂಡು ಹೋಗಿ ಮೌನೇಶನ ಟೇಬಲ್ ಮೇಲಿಟ್ಟೆ. ಅವನು ಎದ್ದು ನಿಂತುಬಿಟ್ಟ. ಕೂರು ಅಂದೆ. ಭಾನುವಾರ ಊಟಕ್ಕೆ ಬಾ, ಅಮ್ಮ ಕರೆದಿದ್ದಾಳೆ ಅಂದೆ.

೨೨ ಫೆಬ್ರವರಿ, ಭಾನುವಾರ

ಬಂದಿದ್ದ. ಮೂರು ಸಲ ಸಾರು ಹಾಕಿಸಿಕೊಂಡ. ಅಮ್ಮ ಅವನನ್ನು ಅಡಿಗೆಮನೆಗೆ ಕರೆದೊಯ್ದು ಸೊಟ್ಟ ಮೂಲೆ ತೋರಿಸಿದಳು. ಗೋಡೆಗೆ ಅಂಗೈ ಇಟ್ಟು ನೋಡಿ, “ಏನಾಗಂಗಿಲ್ರೀ ಅಮ್ಮಾರ, ನೀವು ಅಡಿಗಿ ಮಾಡ್ರಿ,” ಅಂದ. ಅಮ್ಮನ ಮುಖ ಅರಳಿತು. ನಾನು ಇಷ್ಟು ವರ್ಷದಲ್ಲಿ ಆ ಮುಖ ಅರಳಿಸಿದ್ದು ನೆನಪಿಲ್ಲ.

೨೭ ಫೆಬ್ರವರಿ, ಶುಕ್ರವಾರ. ಸಂಜೆ ೪.೪೦

ಹದಿನಾಲ್ಕನೇ ನಂಬರು ಮುಗಿಯಿತು. ನಾನೇ ಬರೆದೆ, ಬೇರೆಯವರಿಗೆ ಕೊಡಲಿಲ್ಲ. ಗೆರೆ ನೆಟ್ಟಗೆ ಓಡಿಸುವ ಆರ್ಥೋ ಆಫ್ ಮಾಡಿಟ್ಟು ನಾಲ್ಕು ದಿನ. ಬೆರಳು ತಾನಾಗಿ ಎಫ್ ಎಂಟಕ್ಕೆ ಹೋಗುತ್ತಿತ್ತು, ಎಳೆದುಕೊಳ್ಳುತ್ತಿದ್ದೆ. ನೆಟ್ಟನೆಯ ಗೆರೆ ಯಾರು ಬೇಕಾದರೂ ಹಾಕುತ್ತಾರೆ. ಒಂದು ಗೋಡೆ ಎಷ್ಟು ಸೊಟ್ಟ ಇದೆಯೋ ಸರಿಯಾಗಿ ಅಷ್ಟೇ ಸೊಟ್ಟ ಹಾಕುವುದು, ಒಂದು ಕೂದಲು ಹೆಚ್ಚಲ್ಲ, ಕಮ್ಮಿಯಲ್ಲ — ಅದು ಕೆಲಸ. ಹನ್ನೆರಡನೇ ಬಿಂದುವಿನಲ್ಲಿ ಗೋಡೆ ಹೊರಗೆ ಬರುತ್ತದೆ, ಹದಿನೈದರಿಂದ ಮೆಲ್ಲಗೆ ಒಳಗೆ ಹೋಗುತ್ತದೆ. ಮುಂದಿನ ಕೋಣೆಯ ಮೂಲೆ ಎಂಬತ್ತೇಳು ಡಿಗ್ರಿ. ಇರಲಿ. ಎಷ್ಟು ಚೆನ್ನಾಗಿದೆ ಈ ಮನೆ! ಮೊದಲ ಸಲ ನೋಡಿದ ಹಾಗಾಯಿತು.

ಹಾಳೆಯ ಮೂಲೆಯಲ್ಲಿ: ಬರೆದವರು ಸುಧಾಮಣಿ. ಚೆಕ್ ಮಾಡಿದವರು — ಖಾಲಿ. ಮೌನೇಶ ಸಹಿ ಹಾಕಬೇಕು. ಮೂರು ಗಂಟೆಗೆ ಕೊಟ್ಟೆ. ಇನ್ನೂ ನೋಡುತ್ತಿದ್ದಾನೆ. ಇಷ್ಟು ಹೊತ್ತು ನೋಡುವುದು ಏನಿದೆಯಂತೆ? ನಾನಾಗಿದ್ದರೆ ಅರ್ಧ ಗಂಟೆ. ಸ್ಕೇಲು ಇಡುತ್ತಾನೆ, ಸರ್ವೇ ಹಾಳೆ ನೋಡುತ್ತಾನೆ, ಮತ್ತೆ ಸ್ಕೇಲು.

ಪೆನ್ನಿನ ಮುಚ್ಚಳ ತೆಗೆದ.

“ಮೇಡಂ, ಇಲ್ಲೊಂಚೂರು ಬರ್ತೀರೇನ್ರೀ?”

ತಪ್ಪು ಸಿಕ್ಕಿದೆ ಅಂದುಕೊಂಡಿದ್ದಾನೆ. ಸಾಧ್ಯವೇ ಇಲ್ಲ, ಇಪ್ಪತ್ತೊಂದು ಬಿಂದುವನ್ನೂ ನಾಲ್ಕು ನಾಲ್ಕು ಸಲ ನೋಡಿದ್ದೇನೆ. ಇರಲಾರದು. ಇದ್ದರೆ ಸುತ್ತು ಹಾಕಲಿ. ಹೋಗುತ್ತಿದ್ದೇನೆ.